ಫೋನಿನೊಳಗೆ ಕುಣಿದ ನಾನು

ತನ್ನ ಮುಖ ಹೇಗಿದೆ ಎಂಬುದು ಯಾರಿಗೂ ಸರಿಯಾಗಿ ಗೊತ್ತಿರುವುದಿಲ್ಲ ಎಂದು ನನಗೆ ಇತ್ತೀಚೆಗೆ ಮನವರಿಕೆಯಾಗಿದೆ. ಕನ್ನಡಿಯಲ್ಲಿ ಕಾಣುವುದು ಗಡ್ಡ ಹೆರೆದುಕೊಳ್ಳುವವನ ಮುಖ. ಗುರುತಿನ ಚೀಟಿಯಲ್ಲಿರುವುದು ಪೊಲೀಸರು ಹುಡುಕುತ್ತಿರುವವನ ಮುಖ. ಉಳಿದ ಹೊತ್ತಿನಲ್ಲಿ ನಾವು ಹೊತ್ತು ತಿರುಗುವ ಮುಖವನ್ನು ನಮ್ಮೊಬ್ಬರನ್ನು ಬಿಟ್ಟು ಊರೆಲ್ಲ ನೋಡಿರುತ್ತದೆ. ಐವತ್ತು ದಾಟುವವರೆಗೆ ನನಗೆ ಇದರಿಂದ ಯಾವ ತೊಂದರೆಯೂ ಆಗಿರಲಿಲ್ಲ. ತೊಂದರೆ ಶುರುವಾದದ್ದು ನನ್ನ ಮುಖಕ್ಕೆ ಬೇರೆ ಕೆಲಸ ಸಿಕ್ಕ ಮೇಲೆ.

ಬೆಳಗಾವಿಯ ಶಿವಬಸವ ನಗರದಲ್ಲಿ ಎರಡು ಕೋಣೆಯ ಒಂದು ಕಂಪನಿಗೆ ನಾನು ಮ್ಯಾನೇಜರ್. ಮ್ಯಾನೇಜರ್ ಎಂದರೆ, ಕುಡಿಯುವ ನೀರಿನ ಕ್ಯಾನು ಖಾಲಿಯಾದಾಗ ಎಲ್ಲರೂ ಯಾರ ಕಡೆ ತಿರುಗಿ ನೋಡುತ್ತಾರೋ ಅವನು. ಮಾಲೀಕರು ಮೊದಲು ದನದ ಡಾಕ್ಟರಾಗಿದ್ದವರು. ಈಗಲೂ ಅವರನ್ನು ನಾವು ಡಾಕ್ಟರ್ ಸಾಹೇಬರು ಎಂದೇ ಕರೆಯುತ್ತೇವೆ. ಖಾನಾಪುರದ ಆಚೆ ಕಾಡಿನ ಬದಿಯ ಹಳ್ಳಿಗಳಲ್ಲಿ ಎಮ್ಮೆಗೋ ಆಕಳಿಗೋ ಜಡ್ಡಾದರೆ, ಫೋನಿನಲ್ಲಿ ಒಂದು ಕಡೆ ಒತ್ತಿದೊಡನೆ ಹತ್ತಿರದ ದನದ ಡಾಕ್ಟರಿಗೆ ಸುದ್ದಿ ಮುಟ್ಟಿ ಅವರು ಮನೆಗೇ ಬರುವಂಥ ಒಂದು ಆ್ಯಪನ್ನು ಅವರು ಮಾಡಿಸಿದ್ದರು. ಆ್ಯಪು ಚೆನ್ನಾಗಿಯೇ ಇತ್ತು. ಜನ ಮಾತ್ರ ಅದನ್ನು ತೆರೆದು ನೋಡಿ, ಇದು ಯಾವುದೋ ಸರಕಾರಿ ಅರ್ಜಿ ಇರಬೇಕೆಂದು ಮುಚ್ಚಿಬಿಡುತ್ತಿದ್ದರು.

ಅದನ್ನು ಸರಿಪಡಿಸಲು ಬಂದವಳು ನಸ್ರೀನ್. ಕಾಲೇಜು ಮುಗಿಸಿ ಹೊಸದಾಗಿ ಕೆಲಸಕ್ಕೆ ಸೇರಿದ್ದ ಹುಡುಗಿ. ಫೋನಿನ ಪರದೆಯ ಮೇಲೆ ಯಾವುದು ಎಲ್ಲಿರಬೇಕು, ಹೇಗೆ ಕಾಣಬೇಕು ಎಂದು ನೋಡಿಕೊಳ್ಳುವುದು, ಅದಕ್ಕೆ ಚಿತ್ರ ಬರೆಯುವುದು ಅವಳ ಕೆಲಸ. ಒಳಗೊಂದು ನಗೆಮೊಗದ ಕಾರ್ಟೂನು ಇದ್ದರೆ ಜನರ ಅಂಜಿಕೆ ಹೋಗುತ್ತದೆ ಎಂದಳು. ಮೊದಲು ಒಂದು ನಗುವ ಎಮ್ಮೆಯನ್ನು ಬರೆದಳು. ಡಾಕ್ಟರ್ ಸಾಹೇಬರು ಅದನ್ನು ಬಹಳ ಹೊತ್ತು ನೋಡಿ, ತಮ್ಮ ಇಡೀ ವೃತ್ತಿಯಲ್ಲಿ ನಗುವ ಎಮ್ಮೆಯನ್ನು ಕಂಡಿಲ್ಲವೆಂದೂ ಕಂಡಿದ್ದರೆ ಮೊದಲು ಅದಕ್ಕೊಂದು ಸೂಜಿ ಹಾಕುತ್ತಿದ್ದೆನೆಂದೂ ಹೇಳಿದರು. ಆಮೇಲೆ ಕೋಟು ತೊಟ್ಟ ಕೋಳಿ ಬಂತು. ಎಮ್ಮೆ ಸಾಕಿದವರು ಕೋಳಿಯ ಮಾತನ್ನೇಕೆ ಕೇಳಬೇಕು ಎಂದು ನಾನು ಆಕ್ಷೇಪಿಸಿದೆ. ಎದ್ದು ನಿಂತು, ಕೈ ಆಡಿಸುತ್ತ, ವಿಸ್ತಾರವಾಗಿಯೇ ಆಕ್ಷೇಪಿಸಿದೆ. ನಸ್ರೀನ್ ಕಣ್ಣು ಕೀಳದೆ ನನ್ನನ್ನೇ ನೋಡುತ್ತಿದ್ದಳು. ನನ್ನ ಮಾತಿನಲ್ಲಿ ಅಷ್ಟು ತೂಕವಿದೆ ಎಂದುಕೊಂಡೆ.

ಮುಂದಿನ ವಾರ ಹೊಸ ಚಿತ್ರ ಬಂತು. ಹಿಂದಕ್ಕೆ ಸರಿಯುತ್ತಿರುವ ಕೂದಲು, ಪೊರಕೆಯಂಥ ಮೀಸೆ, ಮೂಗಿನ ತುದಿಗೆ ಜಾರಿದ ಕನ್ನಡಕ, ಅಂಗಿಯ ಗುಂಡಿಗಳ ತಾಳ್ಮೆ ಪರೀಕ್ಷಿಸುತ್ತಿರುವ ಹೊಟ್ಟೆ. ಅಂಬಾ ಮಾಮಾ ಎಂದು ಹೆಸರು. ನೆಟ್‌ವರ್ಕ್ ಹೋದರೆ ತಲೆ ಕೆರೆದುಕೊಳ್ಳುತ್ತಾನೆ, ಡಾಕ್ಟರು ಸಿಕ್ಕರೆ ಎರಡೂ ಕೈ ಮೇಲೆತ್ತಿ ಕುಣಿಯುತ್ತಾನೆ. ನನಗೆ ಬಹಳ ಹಿಡಿಸಿತು. ಯಾವುದೋ ಕಚೇರಿಯಲ್ಲಿ ಕೂತಲ್ಲೇ ತೂಕಡಿಸಿ ಆಯುಷ್ಯ ಕಳೆದ ಮನುಷ್ಯನನ್ನು ನೋಡಿ ಬರೆದ ಹಾಗಿದೆ ಎಂದು ಎಲ್ಲರೆದುರು ಮೆಚ್ಚಿಕೊಂಡೆ. ಡಾಕ್ಟರ್ ಸಾಹೇಬರು ಕಿಟಕಿಯಿಂದ ಹೊರಗೆ ನೋಡತೊಡಗಿದರು. ಸಂಜೆ ಮನೆಗೆ ಹೋಗಿ ಹೆಂಡತಿ ಗಿರಿಜಾಳಿಗೂ ತೋರಿಸಿದೆ. ಅವಳು ಕಾಯಿಪಲ್ಲೆ ಹೆಚ್ಚುವುದನ್ನು ನಿಲ್ಲಿಸಿ ನೋಡಿದಳು.

"ಇದರಾಗ ನಿಮ್ಮನ್ನ ಯಾಕ ಕುಣಸಾಕ ಹತ್ಯಾರ್ರಿ?" ಎಂದು ಕೇಳಿದಳು.

ಮರುದಿನವೇ ನಾನು ನಸ್ರೀನಳನ್ನು ಕರೆದು, ಮನುಷ್ಯನ ಮರ್ಯಾದೆಯ ಬಗ್ಗೆ ನಾಲ್ಕು ಮಾತು ಹೇಳಿ, ಚಿತ್ರ ತೆಗೆಯಬೇಕೆಂದೆ. ಅವಳು ನೆಲ ನೋಡುತ್ತ, "ಕಾಕಾ, ನಿಮ್ಮ ಮುಖಾ ನೋಡಿದ್ರ ಯಾರಿಗೂ ಅಂಜಿಕಿ ಬರಂಗಿಲ್ರಿ," ಎಂದಳು. ಹೊಗಳಿಕೆಯೆಂದೇ ಹೇಳಿದ್ದಳು. ಆ ಕಚೇರಿಯಲ್ಲಿ ಎಲ್ಲರೂ ಹೊತ್ತಿಗೆ ಸರಿಯಾಗಿ ಬರಲೆಂದು ವರ್ಷಗಟ್ಟಲೆ ಅಂಜಿಕೆ ಹುಟ್ಟಿಸಲು ಹೆಣಗಿದ್ದ ನನಗೆ ಅದು ಎಲ್ಲಿ ತಾಗಬೇಕೋ ಅಲ್ಲಿ ತಾಗಿತು. ವಿಷಯ ಎಳೆದಾಡಿ ಎರಡು ತಿಂಗಳ ಮೇಲೆ ಡಾಕ್ಟರ್ ಸಾಹೇಬರ ತನಕ ಹೋಯಿತು. ಅಷ್ಟರಲ್ಲಿ ಜಾಂಬೋಟಿ ಕಡೆ ಕೆಲವರು ಮಾಮಾನನ್ನು ಬಳಸತೊಡಗಿದ್ದರು. ನೀವಿಬ್ಬರೂ ಹೋಗಿ ಕೇಳಿ ಬನ್ನಿ, ಜನ ಬೇಡವೆಂದರೆ ಮಾಮಾನನ್ನೂ ತೆಗೆಯೋಣ, ಈ ಚಿತ್ರದ ಉಸಾಬರಿಯನ್ನೂ ಬಿಡೋಣ ಎಂದರು. ಚಿತ್ರದ ಉಸಾಬರಿ ಬಿಡುವುದೆಂದರೆ ನಸ್ರೀನಳ ನೌಕರಿ ಹೋಗುವುದೆಂದು ಅರ್ಥ. ಅವಳಿಗೂ ಅದು ತಿಳಿಯಿತು. ಜಾಂಬೋಟಿಯ ದಾರಿಯುದ್ದಕ್ಕೂ ನಾನು ಮಾತ್ರ ಜನ ಬೇಡವೆನ್ನಲಿ ಎಂದು ಹಾರೈಸುತ್ತಿದ್ದೆ.

ಊರ ಹೊರಗೆ, ಭತ್ತದ ಗದ್ದೆಗಳ ನಡುವೆ, ಲಕ್ಷ್ಮೀಬಾಯಿ ಎಂಬವರ ಮನೆ. ಎಮ್ಮೆ ಕಟ್ಟಿ ಹಾಲು ಮಾರುವ ಹೆಂಗಸು. ಅಂಗಳದಲ್ಲಿ ನನ್ನನ್ನು ಕಂಡದ್ದೇ ಅವರ ಮುಖ ಬಿಗಿಯಿತು. ಒಳಗಿನಿಂದ ಫೋನು ತಂದು, ಅದನ್ನೊಮ್ಮೆ ನೋಡಿ, ನನ್ನನ್ನೊಮ್ಮೆ ನೋಡಿ, ಸಂಶಯ ಪರಿಹಾರವಾದವರಂತೆ ತಲೆಯಾಡಿಸಿದರು. ಆಮೇಲೆ ನಡೆದದ್ದನ್ನು ಹೇಳಿದರು. ಹೋದ ತಿಂಗಳು ಅವರ ಎಮ್ಮೆ ಈಯಲಾರದೆ ಬಿದ್ದಿತ್ತು. ಕರು ಅಡ್ಡ ಸಿಕ್ಕಿಕೊಂಡಿತ್ತು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಆ್ಯಪು ಒತ್ತಿದರೆ ಅಂಬಾ ಮಾಮಾ ಎರಡೂ ಕೈ ಎತ್ತಿ ಕುಣಿಯತೊಡಗಿದ. ಡಾಕ್ಟರು ಸಿಕ್ಕರೆಂದು ಅವನ ಸಂತೋಷ. ಲಕ್ಷ್ಮೀಬಾಯಿಗೆ ಅದು ಹೇಗೆ ಗೊತ್ತಾಗಬೇಕು? ಸಿಟ್ಟು ತಡೆಯದೆ ಫೋನನ್ನು ಹುಲ್ಲಿನ ಬಣವೆಗೆ ಎಸೆದುಬಿಟ್ಟರು. ಅತ್ತ ದಾರಿ ಗೊತ್ತಾಗದ ಡಾಕ್ಟರು ಫೋನು ಮಾಡಿಯೇ ಮಾಡಿದರು, ಇತ್ತ ಬಣವೆ ರಿಂಗಾಗುತ್ತಲೇ ಇತ್ತು. ಕಡೆಗೆ ಹಾದಿಯಲ್ಲಿ ಹೋಗುತ್ತಿದ್ದ ಯಾರೋ ಡಾಕ್ಟರನ್ನು ಕರೆತಂದರು. ಕರುವೂ ಉಳಿಯಿತು, ಎಮ್ಮೆಯೂ ಉಳಿಯಿತು, ಉಳಿಯದೆ ಹೋಗಲು ಸ್ವಲ್ಪವೇ ಬಾಕಿಯಿತ್ತು.

"ನೀವ ಹೇಳ್ರಿ," ಎಂದು ಅವರು ನನ್ನನ್ನೇ ಕೇಳಿದರು. "ನನ್ನ ಎಮ್ಮಿ ಜೀವಾ ಹೋಗಾಕ ಹತ್ತಿತ್ತು. ಅವಾಗ ಹಿಂಗ ಕುಣೀತಾರೇನ್ರಿ ಯಾರರೆ?"

ಅದು ನಾನಲ್ಲ, ಬರಿಯ ಚಿತ್ರ ಎಂದೆ.

"ಮತ್ತ ಆ ಮೀಸಿ ಯಾರದ?" ಎಂದರು.

ಸಿಟ್ಟು ಏರಿದಂತೆ ಅವರು ಕನ್ನಡ ಬಿಟ್ಟು ಮರಾಠಿಗೆ ಹೋದರು. ನನ್ನ ಮರಾಠಿ ತರಕಾರಿ ಕೊಳ್ಳುವುದಕ್ಕೆ ಸಾಕಾಗುವಷ್ಟು. ಹಾಗಾಗಿ ಬೈಗುಳದ ಉತ್ತಮ ಭಾಗವೆಲ್ಲ ವ್ಯರ್ಥವಾಯಿತು. ನಸ್ರೀನಳಿಗೆ ಎಲ್ಲವೂ ತಿಳಿಯುತ್ತಿತ್ತು. ಅವಳ ಕಣ್ಣುಗಳು ತುಂಬಿದ್ದವು. ತಪ್ಪು ತನ್ನದು, ಮಾಮಾನದಲ್ಲ ಎಂದು ಹೇಳಲು ಅವಳು ಎರಡು ಸಲ ಬಾಯಿ ತೆರೆದಳು. ಅವಳನ್ನು ನೋಡಿ ನನ್ನ ಹಾರೈಕೆಯನ್ನು ಹಿಂತೆಗೆದುಕೊಳ್ಳಬೇಕೆನಿಸಿತು. ಮ್ಯಾನೇಜರ್ ಎಂಬ ನೆಲೆಯಲ್ಲಿ ನಾಲ್ಕು ಮಾತಾಡಿ ಪರಿಸ್ಥಿತಿಯನ್ನು ಹತೋಟಿಗೆ ತರೋಣವೆಂದು ಒಂದು ಹೆಜ್ಜೆ ಮುಂದಿಟ್ಟೆ. ಅಷ್ಟರಲ್ಲಿ ನನ್ನ ಕುತ್ತಿಗೆಗೆ ಬಿಸಿಯುಸಿರು ತಗುಲಿತು.

ಕಣ್ಣು ಹೊರಳಿಸಿ ನೋಡಿದರೆ ಅದೇ ಎಮ್ಮೆ. ಹಗ್ಗವಿರಲಿಲ್ಲ. ಪಕ್ಕದಲ್ಲಿ ಕರು ಇತ್ತು. ಕರು ಇರುವ ಎಮ್ಮೆ ಹೊಸಬರನ್ನು ಸಹಿಸುವುದಿಲ್ಲವೆಂದು ನಮ್ಮ ಆ್ಯಪಿನಲ್ಲೇ ಬರೆದಿತ್ತು, ಬರೆಸಿದವನು ನಾನೇ. ದನದ ಡಾಕ್ಟರರ ಕಂಪನಿಯಲ್ಲಿದ್ದರೂ ನನ್ನ ಕೆಲಸವೆಲ್ಲ ಕುರ್ಚಿಯಲ್ಲಿ. ಕೊಂಬನ್ನು ಅಷ್ಟು ಸಮೀಪದಿಂದ ನೋಡಿದ್ದು ಅದೇ ಮೊದಲು. ಕೈಗಳು ತಾವಾಗಿಯೇ ಎದೆಯ ಮುಂದೆ ಕೂಡಿಕೊಂಡವು. ತಲೆ ಬಾಗಿತು. ಉಸಿರು ನಿಂತಿತು. ಕಣ್ಣಲ್ಲಿ ನೀರು ಬಂದಿತ್ತೆಂದು ಆಮೇಲೆ ತಿಳಿಯಿತು. ಎಮ್ಮೆ ನನ್ನ ಅಂಗಿಯ ಕಾಲರನ್ನು ಸಾವಕಾಶ ನೆಕ್ಕತೊಡಗಿತು.

ಲಕ್ಷ್ಮೀಬಾಯಿಯವರ ಮಾತು ನಿಧಾನವಾಯಿತು, ಮರಾಠಿಯಿಂದ ಕನ್ನಡಕ್ಕೆ ಇಳಿಯಿತು, ನಿಂತಿತು. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಅವತ್ತ ಹಿಂಗ ನಿಂತಿದ್ರ ಸಾಕಿತ್ತು ನೋಡ್ರಿ," ಎಂದರು ಮೆತ್ತಗೆ. "ಏನೂ ಮಾಡೂದು ಬ್ಯಾಡ. ಹಿಂಗ ಬಾಜು ನಿಂತಿದ್ರ ಸಾಕಿತ್ತು."

ನಸ್ರೀನ್ ಕಣ್ಣೊರೆಸಿಕೊಂಡು ಚೀಲದಿಂದ ಪೆನ್ಸಿಲು ತೆಗೆದಳು. ಕಾಕಾ, ಅಲುಗಾಡಬೇಡಿ ಎಂದಳು. ಆ ಸೂಚನೆಯ ಅಗತ್ಯವಿರಲಿಲ್ಲ. ಎಮ್ಮೆ ಕಾಲರು ಮುಗಿಸಿ ತೋಳಿಗೆ ಬರುವ ಹೊತ್ತಿಗೆ ಅವಳ ಚಿತ್ರವೂ ಮುಗಿದಿತ್ತು. ಆಮೇಲೆ ಲಕ್ಷ್ಮೀಬಾಯಿ ನಮ್ಮನ್ನು ಒಳಗೆ ಕರೆದು, ಕುಂದರ್ರಿ ಎಂದು ಚಾಪೆ ಹಾಸಿ, ಅದೇ ಎಮ್ಮೆಯ ಹಾಲಿನ ಚಹಾ ಕೊಟ್ಟರು. ಬಟ್ಟಲು ನನ್ನ ಕೈಯಲ್ಲಿ ಸದ್ದು ಮಾಡುತ್ತಿತ್ತು. ಮೃದು ಸ್ವಭಾವದವರಿಗೆ ಹೀಗಾಗುತ್ತದೆ ಎಂದು ಅವರೇ ಸಮಾಧಾನ ಹೇಳಿದರು.

ಈಗ ಅಂಬಾ ಮಾಮಾ ಕುಣಿಯುವುದಿಲ್ಲ. ಡಾಕ್ಟರು ಬರುವವರೆಗೆ ಕೈಜೋಡಿಸಿ, ತಲೆ ಬಾಗಿಸಿ, ತುಂಬಿದ ಕಣ್ಣಿನಿಂದ ಸುಮ್ಮನೆ ನಿಂತಿರುತ್ತಾನೆ. ಡಾಕ್ಟರು ಎಲ್ಲಿಯವರೆಗೆ ಬಂದಿದ್ದಾರೆಂಬುದು ಅವನ ಪಕ್ಕದಲ್ಲಿ ಕಾಣುತ್ತದೆ. ಕಣಕುಂಬಿಯವರೆಗೂ ಜನ ಅವನನ್ನು ಹಚ್ಚಿಕೊಂಡಿದ್ದಾರೆ. ನಸ್ರೀನಳ ನೌಕರಿ ಗಟ್ಟಿಯಾಯಿತು. ಚಿತ್ರ ತೆಗೆಯುವ ಮಾತನ್ನು ನಾನು ಮತ್ತೆ ಎತ್ತಲಿಲ್ಲ. ಯಾಕೆಂದರೆ ಖಾನಾಪುರದ ಬಸ್ ನಿಲ್ದಾಣದಲ್ಲಿ ಗುರುತಿಲ್ಲದವರು ಬಂದು, ಮೂಕ ಪ್ರಾಣಿಗಳ ಮೇಲೆ ನಿಮಗೆ ಎಷ್ಟು ಅಂತಃಕರಣ ಎಂದು ಕೈ ಹಿಡಿದುಕೊಳ್ಳುತ್ತಾರೆ. ನಾನು ಇಲ್ಲವೆನ್ನಲು ಹೋಗುವುದಿಲ್ಲ. ಕ್ರಮೇಣ ನನಗೇ ಹೌದೆನಿಸತೊಡಗಿದೆ. ಆ ದಿನ ಅಂಗಳದಲ್ಲಿ ನನ್ನೊಳಗೆ ಮಿಡಿದದ್ದು ಕರುಣೆಯೇ ಇರಬೇಕು, ಗಡಿಬಿಡಿಯಲ್ಲಿ ನಾನದನ್ನು ತಪ್ಪಾಗಿ ತಿಳಿದೆ ಎಂದು ಈಗೀಗ ಅಂದುಕೊಳ್ಳುತ್ತೇನೆ.

ಹೋದ ವಾರ ಗಿರಿಜಾ ಜ್ವರ ಬಂದು ಮಲಗಿದ್ದಳು. ಗುಳಿಗೆ ಕೊಟ್ಟೆ, ಗಂಜಿ ಮಾಡಿದೆ. ಬಳಿಕ, ತಾಲೂಕಿನ ಜನಕ್ಕೆಲ್ಲ ಧೈರ್ಯ ಕೊಡುವ ಮುಖ ಮನೆಯವರಿಗೂ ಸಿಗಲಿ ಎಂದು ಮಂಚದ ಬದಿಗೆ ಹೋಗಿ, ಕೈಜೋಡಿಸಿ, ತಲೆ ಬಾಗಿಸಿ, ಉಸಿರು ಹಿಡಿದು ನಿಂತೆ. ಸ್ವಲ್ಪ ಹೊತ್ತಿಗೆ ಅವಳು ಕಣ್ಣು ಬಿಟ್ಟಳು. ನನ್ನನ್ನು ನೋಡಿದಳು. ಕಷ್ಟಪಟ್ಟು ತಲೆಯೆತ್ತಿ ನನ್ನ ಹಿಂದುಗಡೆ ಇಣುಕಿದಳು.

"ಎಮ್ಮಿ ಎಲ್ಲೈತ್ರಿ?" ಎಂದಳು.

ಜಾಂಬೋಟಿಯಲ್ಲಿ ನಡೆದದ್ದನ್ನು ನಾನು ಅವಳಿಗೆ ಹೇಳಿರಲೇ ಇಲ್ಲ.