ಕಳ್ಳಿಗೆ ಹಿಡಿದ ಛತ್ರಿ

ನಮ್ಮ ಸೋದರಮಾವನ ತಲೆ ಸರಿ ಇತ್ತೋ ಇಲ್ಲವೋ ಎಂಬುದು ನನಗೆ ಇಂದಿಗೂ ಬಗೆಹರಿದಿಲ್ಲ. ಮಳೆಯಲ್ಲಿ ಛತ್ರಿ ಹಿಡಿದು ಓಡುವವರನ್ನು ನೀವೂ ಕಂಡಿದ್ದೀರಿ. ತಾವು ತೊಪ್ಪೆಯಾಗಿ ತೊಯ್ದು ಕಳ್ಳಿಗೆ ಛತ್ರಿ ಹಿಡಿದವರನ್ನು ಕಂಡಿದ್ದೀರಾ? ಅದೂ ತೆಲಸಂಗದಲ್ಲಿ, ಮಳೆಗಾಗಿ ಬಾಯಿ ಬಿಡುವ ಊರಿನಲ್ಲಿ!

ಅದು ಎಂಬತ್ತರ ದಶಕ. ನಾನು ಮಾವನ ಮನೆಯಲ್ಲೇ ಇದ್ದು ಅಥಣಿಯ ಕಾಲೇಜಿಗೆ ಹೋಗುತ್ತಿದ್ದೆ. ದ್ರಾಕ್ಷಿ ಸಸಿ ತರುತ್ತೇನೆಂದು ಸಾಂಗಲಿಗೆ ಹೋದ ಮಾವ ತಗಡಿನ ಡಬ್ಬಿಯಲ್ಲಿ ಗೇಣುದ್ದದ ಕಳ್ಳಿ ಹಿಡಿದುಕೊಂಡು ಬಂದ. ಬೇಲಿಯ ಚಪ್ಪಟೆ ಕಳ್ಳಿಯಲ್ಲ. ಕಂಬದ ಹಾಗೆ ನೆಟ್ಟಗೆ ಬೆಳೆಯುವ ಜಾತಿ. ಹಿಂದಿನ ವಾರವಷ್ಟೇ ಹೊಲದ ಬದುವಿನ ಕಳ್ಳಿಯನ್ನೆಲ್ಲ ಕಡಿಸಿ ಸುಟ್ಟಿದ್ದ ಮನುಷ್ಯ!

"ಏನ್ರಿ ಇದು?" ಅತ್ತೆ ಕೇಳಿದಳು.

"ಕಳ್ಳಿ."

"ಅದು ನನಗೂ ಕಾಣತೈತಿ. ಯಾಕ ತಂದ್ರಿ ಅಂತ?"

ಮಾವ ಡಬ್ಬಿಯನ್ನು ಕಟ್ಟೆಯ ಮೇಲಿಟ್ಟು, "ಇರಲಿ ತಗೋ" ಎಂದ.

ಇದೇ ಪ್ರಶ್ನೆಗೆ ನೆರೆಮನೆಯವರಿಗೆ "ಇದಿದ್ರ ಮನಿಗೆ ಸಿಡಲ ಬಡಿಯೂದಿಲ್ಲ" ಎಂದ. ಟಪಾಲಿನವನಿಗೆ "ಹೂ ಬಿಡತೈತಿ" ಎಂದ. ನನಗೆ ಮಾತ್ರ ಗುಟ್ಟಾಗಿ, "ಲೇ ಅಳ್ಯಾ, ಅದು ಯಾರ ಕಡೆನೂ ಏನೂ ಬೇಡೂದಿಲ್ಲ ನೋಡ" ಎಂದ. ಯಾವುದನ್ನು ನಂಬುವುದು?

ಸಾಕುವ ರೀತಿಯಾದರೂ ತಿಳಿಯುವಂತಿತ್ತೇ? ದ್ರಾಕ್ಷಿಗೆ ನೀರು ಬಿಡಲು ಮರೆಯುವವನು, ಕಳ್ಳಿಗೆ ನೀರು ಹಾಕದಿರುವುದನ್ನು ದಿನವೂ ನೆನಪಿಟ್ಟು ಮಾಡುತ್ತಿದ್ದ! ಬೆಳಿಗ್ಗೆ ಮಣ್ಣಿನೊಳಗೆ ಬೆರಳು ತೂರಿಸಿ, "ಇನ್ನೂ ಹಸಿ ಐತಿ" ಎಂದು ತುಂಬಿದ ತಂಬಿಗೆಯನ್ನು ಹಾಗೇ ಒಳಗೆ ತರುತ್ತಿದ್ದ. ಸತ್ತಿ ಎಂಬ ಊರಿಗೆ ಹೋಗಿ ಕೃಷ್ಣಾ ಹೊಳೆಯ ಉಸುಕನ್ನು ಚೀಲದಲ್ಲಿ ತುಂಬಿ ಬಸ್ಸಿನಲ್ಲಿ ತಂದು, ಕಳ್ಳಿಯನ್ನು ಡಬ್ಬಿಯಿಂದ ದೊಡ್ಡ ಕುಂಡಕ್ಕೆ ಬದಲಿಸಿದ. ಒಂದೇ ಕಡೆ ಬಿಸಿಲು ಬಿದ್ದರೆ ವಾಲುತ್ತದಂತೆ. ಅದಕ್ಕೆ ಪ್ರತಿ ಸಂತೆಯ ದಿನ ಕುಂಡವನ್ನು ತುಸು ತಿರುಗಿಸುತ್ತಿದ್ದ. ದಾಡಿಯ ಬ್ರಶ್ಶಿನಿಂದ ಮುಳ್ಳುಗಳ ನಡುವಿನ ಧೂಳು ಒರೆಸುತ್ತಿದ್ದ. ಅವನ ದಾಡಿ ಮಾತ್ರ ವಾರಗಟ್ಟಲೆ ಹಾಗೇ!

ಒಂದು ಮಳೆಗಾಲ ಕುಂಡದಲ್ಲಿ ನೀರು ನಿಂತು ಕಳ್ಳಿಯ ಬುಡ ಕೊಳೆಯಿತು. ಮಾವ ಎರಡು ದಿನ ಊಟ ಬಿಟ್ಟ. ಮೂರನೆಯ ದಿನ ಕೊಳೆತ ಭಾಗ ಕೊಯ್ದು ಎಸೆದು, ಮೇಲಿನ ತುಂಡನ್ನು ಗಾಯ ಒಣಗಲೆಂದು ಪಡಸಾಲೆಯ ಗೂಡಿನಲ್ಲಿ ಮಲಗಿಸಿದ. ಅದೇ ಹೊತ್ತಿಗೆ ಹಾರೂಗೇರಿಯ ಬೀಗತಿ ಬರಬೇಕೇ?

"ಎಷ್ಟ ದೊಡ್ಡ ಹೀರಿಕಾಯ್ರಿ ಇದು!" ಎಂದು ಕೈ ಹಾಕಿಯೇಬಿಟ್ಟಳು. ಸಂಜೆಯ ತನಕ ಅತ್ತೆ ಅವಳ ಅಂಗೈಯ ಮುಳ್ಳು ಕೀಳುತ್ತ ಕೂತಳು. ಹೋಗುವಾಗ ಬೀಗತಿ ಕೇಳಿದ್ದು ಒಂದೇ ಮಾತು: "ಮತ್ತ ಇದನ್ನ ಪಲ್ಯ ಹೆಂಗ ಮಾಡತೀರಿ?"

ಆ ತುಂಡನ್ನು ಮರಳಿ ನೆಟ್ಟ ಮಾವ, "ಇನ್ನೊಮ್ಮೆ ನೀರ ನಿಂತ್ರ ಇದು ಉಳಿಯೂದಿಲ್ಲ" ಎಂದ. ಛತ್ರಿ ಶುರುವಾದದ್ದು ಅಲ್ಲಿಂದ.

ಮುಂದಿನ ಬೇಸಿಗೆಯಲ್ಲಿ ಅತ್ತೆ ತನ್ನ ಕೀಲುನೋವಿನ ಕೈಗಳಿಂದ ನಾಲ್ಕು ದಿನ ಕೂತು ಹೊಸೆದ ಶಾವಿಗೆ ಅಂಗಳದಲ್ಲಿ ಹೊರಸು ಎಂಬ ಹಗ್ಗದ ಮಂಚದ ಮೇಲೆ ಒಣಗುತ್ತಿತ್ತು. ಅತ್ತೆ ಹೊಲದಲ್ಲಿದ್ದಾಗ ದಬದಬನೆ ಮಳೆ! ಮಾವ ಓಡಿ ಬಂದ. ಬಂದವನು ಹೊರಸನ್ನು ದಾಟಿ ಹೋಗಿ ಕಳ್ಳಿಗೆ ಛತ್ರಿ ಹಿಡಿದು ನಿಂತ. ಅತ್ತೆ ಬರುವಷ್ಟರಲ್ಲಿ ಶಾವಿಗೆ ಅಂಬಲಿಯಾಗಿತ್ತು.

"ಇನ್ನೊಮ್ಮೆ ನನ್ನ ಶಾವಗಿ ತೊಯ್ದ್ರ ನಿಮ್ಮ ಕಳ್ಳಿ ಕಡದು ತಿಪ್ಪಿಗೆ ಒಗೀತೀನಿ! ನನ್ನ ಆಣಿ ಐತಿ!"

ಅತ್ತೆ ಆಡಿದ್ದನ್ನು ಮಾಡುವವಳು. ಅಂದೇ ಮಾವ ಮನೆಯ ಕೊಡಲಿ ಬಚ್ಚಿಟ್ಟ. ಎಲ್ಲಿಟ್ಟನೆಂದು ಆಮೇಲೆ ಅವನಿಗೇ ನೆನಪಾಗಲಿಲ್ಲ!

ನಾಲ್ಕಾರು ವರ್ಷಗಳಲ್ಲಿ ಕಳ್ಳಿ ಮಾವನ ತಲೆ ಮೀರಿ ಬೆಳೆಯಿತು. ಒಂದು ಬೇಸಿಗೆ ಮಾವನಿಗೆ ಮಿರಜಿನಲ್ಲಿ ಹೊಟ್ಟೆಯ ಆಪರೇಶನ್ ಆಯಿತು. ಆಮೇಲೆ ಜ್ವರ ಇಳಿಯಲೇ ಇಲ್ಲ. ನಮಗೆಲ್ಲ ಜೀವದಲ್ಲಿ ಜೀವವಿರಲಿಲ್ಲ. ಅವನ ಹತ್ತಿರ ಇದ್ದ ನಾನು ಬಟ್ಟೆ ಒಯ್ಯಲೆಂದು ಊರಿಗೆ ಬಂದರೆ, ಅಂಗಳದ ಹೊರಸಿನ ಮೇಲೆ ಮತ್ತೆ ಶಾವಿಗೆ!

"ಮೆತ್ತಗಿಂದು ಉಣಸ್ರಿ ಅಂತ ಡಾಕ್ಟರ್ ಹೇಳ್ಯಾರಲ್ಲಾ. ಅವರು ಬಂದ ಕೂಡಲೆ ಹಾಲ ಶಾವಗಿ ಮಾಡಿ ಕೊಡಬೇಕು" ಎಂದಳು ಅತ್ತೆ.

ಮಧ್ಯಾಹ್ನ ಮಳೆ ಶುರುವಾಯಿತು. ನಾನು ಹೊರಸಿನತ್ತ ಓಡಿದೆ. ಅಷ್ಟರಲ್ಲಿ ಅತ್ತೆ ಬಟ್ಟೆ ಒಗೆಯುವ ಕಲ್ಲನ್ನೇರಿ, ಮಾವನ ಛತ್ರಿಯನ್ನು ಕಳ್ಳಿಯ ಮೇಲೆ ಹಿಡಿದು ಚೀರಿದಳು: "ಅದನ್ನ ಬಿಡೋ! ಮೊದಲ ಗೋಣಿಚೀಲ ತಂದು ಕುಂಡಕ್ಕ ಸುತ್ತು!"

"ಅತ್ತಿ, ಶಾವಗಿ..."

"ಶಾವಗಿ ಮತ್ತ ಹೊಸೀತೀನಿ. ಇದು ಕೊಳೀತಂದ್ರ ಅವರಿಗೆ ಏನ್ ಹೇಳಲಿ?" ಎಂದು ಗಳಗಳ ಅತ್ತಳು.

ಮರುದಿನ ಮಿರಜಿಗೆ ಹೋದೆ. ಜ್ವರ ಇಳಿದಿತ್ತು. ಕಳ್ಳಿ ಕ್ಷೇಮವೆಂದು ಹೇಳಲು ನಾನು ಬಾಯಿ ತೆರೆಯುವ ಮೊದಲೇ ಮಾವ ಕ್ಷೀಣ ದನಿಯಲ್ಲಿ ಕೇಳಿದ:

"ಅಳ್ಯಾ, ನಿನ್ನೆ ಊರಾಗ ಮಳಿ ಆತೇನೋ?"

"ಆತು ಮಾಮಾ."

"ನಿಮ್ಮತ್ತಿ ಈ ದಿನದಾಗ ಶಾವಗಿ ಹಾಕಿರತಾಳ. ತೊಯ್ದ್ವೇನೋ?"

"ಇಲ್ಲ ಮಾಮಾ, ಒಂದ ಎಳಿನೂ ತೊಯ್ದಿಲ್ಲ" ಎಂದೆ.

"ಚಲೋ ಆತು ಬಿಡು. ಆಕಿ ಕೈ ಭಾಳ ನೋಯ್ತಾವ" ಎಂದು ಮಾವ ನಿದ್ದೆಗೆ ಜಾರಿದ. ಕಳ್ಳಿಯ ಸುದ್ದಿ ಕೇಳಲೇ ಇಲ್ಲ.

ಅದೇ ಹೊತ್ತಿಗೆ ತೆಲಸಂಗದಲ್ಲಿ ಅತ್ತೆ, ನೋಯುವ ಆ ಕೈಗಳಿಂದಲೇ, ಇನ್ನೊಮ್ಮೆ ಹಿಟ್ಟು ನಾದುತ್ತಿದ್ದಳು.