ತುಂಗಭದ್ರಾನಗರದ ಗೋಡೆಗೊಂದು ಬಾಗಿಲು ಕೋರಿ

ಶಿವಮೊಗ್ಗ,
ಮೇ ೩, ೧೯೩೭

‘ಭವಿಷ್ಯದೂತ’ ಎಂಬ ಕಾವ್ಯನಾಮದಿಂದ ‘ಕನ್ನಡ ಕೌತುಕ’ ಮಾಸಪತ್ರಿಕೆಯಲ್ಲಿ ಕಾದಂಬರಿ ಬರೆಯುತ್ತಿರುವ ಮಹಾಶಯರ ಸನ್ನಿಧಾನಕ್ಕೆ,

ಮಾನ್ಯರೇ,

ಶಿವಮೊಗ್ಗದ ಪೇಟೆಯಲ್ಲಿ ಜವಳಿ ಅಂಗಡಿ ಇಟ್ಟುಕೊಂಡಿರುವ ಏಕಾಂತಪ್ಪನು ಮಾಡುವ ಶರಣು ಶರಣಾರ್ಥಿಗಳು. ತಾವೂ ತಮ್ಮ ಲೇಖನಿಯೂ ಕ್ಷೇಮವೆಂದು ನಂಬಿದ್ದೇನೆ. ಲೇಖನಿಯ ಆರೋಗ್ಯ ಕಳೆದ ಆರು ತಿಂಗಳಲ್ಲಿ ತುಸು ಕೆಟ್ಟಿದ್ದರೆ ನನ್ನ ಮನೆ ನೆಮ್ಮದಿಯಾಗಿ ಇರುತ್ತಿತ್ತು ಎಂಬುದನ್ನು ಮೊದಲೇ ಅರಿಕೆ ಮಾಡಿಕೊಳ್ಳುತ್ತೇನೆ.

ತಮ್ಮ ‘ತುಂಗಭದ್ರಾನಗರ’ದ ಪ್ರತಾಪವನ್ನು ಹೊಗಳಲು ನನ್ನಂಥ ಗಜಕಡ್ಡಿ ಹಿಡಿಯುವವನಿಗೆ ಮಾತು ಸಾಲದು. ಸಾವಿರದ ಒಂಬೈನೂರ ಅರವತ್ತನೆಯ ಇಸವಿಯ ಹೊತ್ತಿಗೆ ಶಿವಮೊಗ್ಗವೂ ಭದ್ರಾವತಿಯೂ ಬೆಳೆದು ಬೆಳೆದು ಒಂದೇ ಮಹಾನಗರವಾಗುವುದು, ಅದರ ನಡುವೆ ಎಪ್ಪತ್ತು ಅಡಿ ಎತ್ತರದ ಗೋಡೆ ಏಳುವುದು, ಭದ್ರೆಯ ಕಡೆಯವರಿಗೆ ಹಗಲೂ ಇರುಳೂ ವಿದ್ಯುದ್ದೀಪ, ತುಂಗೆಯ ಕಡೆಯವರಿಗೆ ಸೀಮೆಎಣ್ಣೆ ಬುಡ್ಡಿ, ಗೋಡೆಯ ಮೇಲೆ ಹಣೆಯಲ್ಲಿ ದೀಪ ಉರಿಯುವ ಕಬ್ಬಿಣದ ಪೊಲೀಸರು, ಪಾಸಿಲ್ಲದೆ ದಾಟಿದವನಿಗೆ ಗತಿಯಿಲ್ಲ! ಗೋಡೆಯ ಗುಪ್ತ ನಕ್ಷೆಯನ್ನು ಪೇಟದೊಳಗೆ ಬಚ್ಚಿಟ್ಟುಕೊಂಡು ಓಡುತ್ತಿದ್ದ ನಾಯಕನ ಹೆಗಲ ಮೇಲೆ ಸೇತುವೆಯಲ್ಲಿ ಕಬ್ಬಿಣದ ಕೈ ಬಿತ್ತೆಂದು ಬರೆದು ತಾವು ಕಳೆದ ಕಂತನ್ನು ನಿಲ್ಲಿಸಿದಾಗ, ಅಡಿಕೆ ದಲಾಲಿ ರಂಗಪ್ಪನವರು ನನ್ನ ಜಗುಲಿಯಿಂದ ಎದ್ದವರು ಯಾರದೋ ಚಪ್ಪಲಿ ಮೆಟ್ಟಿಕೊಂಡು ಮನೆಗೆ ಹೋದರು.

ಆದರೆ ಮಹಾಶಯರೇ, ನಮ್ಮ ಮನೆಯ ಒಂದು ಪದ್ಧತಿ ತಮಗೆ ತಿಳಿಯದು. ಸಂಜೆ ಅಂಗಡಿಯಿಂದ ಬಂದು ಕೈಕಾಲು ತೊಳೆದು ನಾನು ಜಗುಲಿಯಲ್ಲಿ ಗಟ್ಟಿಯಾಗಿ ಓದುತ್ತೇನೆ, ಬೀದಿಯವರು ಕೂತು ಕೇಳುತ್ತಾರೆ, ಬಾಗಿಲ ಒಳಗಡೆ ನಮ್ಮ ತಾಯಿ ಸುಭದ್ರಮ್ಮನವರು ಬತ್ತಿ ಹೊಸೆಯುತ್ತ ಕೇಳುತ್ತಾರೆ. ಪುರಾಣವಾದರೆ ರಾಗ ಕಟ್ಟಿ ಓದುತ್ತೇನೆ, ವೃತ್ತಪತ್ರಿಕೆಯಾದರೆ ಸಪಾಟಾಗಿ ಓದುತ್ತೇನೆ. ಹೀಗಾಗಿ ರಾಗದಲ್ಲಿ ಬಂದದ್ದೆಲ್ಲ ಹಿಂದಿನ ಕಾಲದ್ದು, ರಾಗವಿಲ್ಲದೆ ಬಂದದ್ದೆಲ್ಲ ಸರ್ಕಾರದ್ದು ಎಂದು ಅವರು ಇಪ್ಪತ್ತು ವರ್ಷದಿಂದ ನಂಬಿದ್ದಾರೆ. ತಮ್ಮ ಕಾದಂಬರಿಯೋ ‘೧೯೬೦, ಏಪ್ರಿಲ್ ಮೂರು, ಮುಂಜಾನೆ ಆರು ಗಂಟೆ’ ಎಂದು ಶುರುವಾಗುತ್ತದೆ. ಇದಕ್ಕೆ ಯಾವ ರಾಗ ಹಾಕಲಿ? ಅಕ್ಕಿಯ ಧಾರಣೆ ಓದಿ ಮುಗಿಸಿದ ಅದೇ ದನಿಯಲ್ಲಿ ಅದನ್ನೂ ಓದಿದೆ. ಇದು ಕತೆಯೆಂದು ಮೊದಲ ದಿನ ಹೇಳಿದ್ದುಂಟು. ಆ ದಿನ ತಾಯಿಯವರು ದಾಕ್ಷಾಯಣಮ್ಮನವರ ಮನೆಗೆ ಹಪ್ಪಳ ಒತ್ತಲು ಹೋಗಿದ್ದರು. ಹೀಗಾಗಿ ತಮ್ಮ ಗೋಡೆಯೂ ಅವರ ಪಾಲಿಗೆ ಸರ್ಕಾರದ್ದೇ ಆಯಿತು.

ಇಷ್ಟೇ ಆಗಿದ್ದರೆ ನಗಬಹುದಿತ್ತು. ನನ್ನ ಮಗಳು ವೇದಾವತಿಗೆ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸ ಮಾಡುವ ಈಶ್ವರಪ್ಪ ಎಂಬ ಹುಡುಗನನ್ನು ಗೊತ್ತು ಮಾಡಿದ್ದೆವು. ಹುಡುಗ ಒಳ್ಳೆಯವನು, ನೋಡಲು ಬಂದ ದಿನ ಎರಡು ಸಲ ಉಪ್ಪಿಟ್ಟು ಹಾಕಿಸಿಕೊಂಡ. ಹುಡುಗಿ ಒಪ್ಪಿದಳು, ಅದೂ ತಲೆ ಎತ್ತಿ ಒಪ್ಪಿದಳು. ಆಗ ತಾಯಿಯವರು ಬತ್ತಿಯ ತಟ್ಟೆ ಪಕ್ಕಕ್ಕೆ ಸರಿಸಿ ಒಂದೇ ಮಾತು ಹೇಳಿದರು. “ಗೋಡೆ ಆಚೆಗೆ ನನ್ ಮೊಮ್ಮಗಳನ್ನ ಕೊಡಲ್ಲ ಕಣೋ. ಪಾಸು ಅಂದ್ರೆ ಏನು ಅಂತ ನಂಗೆ ಗೊತ್ತು.”

ಕತೆಯಮ್ಮ, ಯಾರೋ ಪುಣ್ಯಾತ್ಮರು ಕೂತು ಕಟ್ಟಿದ್ದು ಎಂದೆ. “ಮಗಳ ಮದುವೆ ಆಗ್ಲಿ ಅಂತ ಈಗ ಕತೆ ಅಂತೀಯ” ಎಂದರು. ಅಚ್ಚಾಗಿ ಬಂದ ತಮ್ಮ ಮಾತಿನ ಹಿಡಿತ ಎಷ್ಟು ಬಲವಾದದ್ದೆಂದರೆ ಹೆತ್ತ ಮಗನ ಮಾತು ಅದರೆದುರು ನಿಲ್ಲಲಿಲ್ಲ.

ನಾನು ಸಿಟ್ಟಾದೆ, ಆಮೇಲೆ ನಾಚಿದೆ. ಪ್ಲೇಗಿನ ವರ್ಷ, ಬಸುರಿಯಾಗಿದ್ದ ನಮ್ಮ ತಾಯಿ ಚೊಚ್ಚಲ ಬಾಣಂತನಕ್ಕೆ ತವರಿಗೆ ಹೊರಟಾಗ, ಊರಿನ ಹೊರಗಿನ ಠಾಣೆಯಲ್ಲಿ ಪಾಸಿಲ್ಲವೆಂದು ಗಾಡಿಯನ್ನು ಹಿಂದಕ್ಕೆ ತಿರುಗಿಸಿದರಂತೆ. ಆಚೆ ಹೊಲದ ಬದುವಿನಲ್ಲಿ ಅಜ್ಜಿ ನಿಂತಿದ್ದರಂತೆ. ಕೂಗಿದರೆ ಕೇಳುವಷ್ಟು ಹತ್ತಿರ. ಆಮೇಲೆ ತಾಯಿ ಮಗಳು ಮತ್ತೆ ಒಬ್ಬರನ್ನೊಬ್ಬರು ನೋಡಲಿಲ್ಲ. ಆ ಗಾಡಿಯಲ್ಲಿ ತಾಯಿಯ ಹೊಟ್ಟೆಯಲ್ಲಿ ಇದ್ದವನು ನಾನೇ. ಅವರು ಹೆದರಿದ್ದು ತಮ್ಮ ಅರವತ್ತನೆಯ ಇಸವಿಗಲ್ಲ, ಸ್ವಾಮಿ.

ಆದಕಾರಣ ತಮ್ಮಲ್ಲಿ ನನ್ನ ನಮ್ರ ಬೇಡಿಕೆ ಇದು: ಮುಂದಿನ ಕಂತಿನಲ್ಲಿ ಆ ಗೋಡೆಗೆ ಒಂದು ಬಾಗಿಲು ಇಡಿಸಬೇಕು. ಗೋಡೆ ಕೆಡವಿರೆಂದು ಕೇಳುವಷ್ಟು ಅವಿವೇಕಿ ನಾನಲ್ಲ. ಎಪ್ಪತ್ತು ಅಡಿ ಕಟ್ಟಲು ತಾವು ಪಟ್ಟ ಶ್ರಮ ಗೊತ್ತು. ಪಂಚಮಿಗೆ, ದೀಪಾವಳಿಗೆ, ಬಾಣಂತನಕ್ಕೆ ತವರಿಗೆ ಹೊರಟ ಹೆಣ್ಣುಮಕ್ಕಳಿಗೆ ಅಲ್ಲಿ ಪಾಸು ಕೇಳಕೂಡದು. ಕಬ್ಬಿಣದ ಪೊಲೀಸನು ಹಣೆಯ ದೀಪವನ್ನು ಸಣ್ಣಗೆ ಮಾಡಿಕೊಂಡು ಪಕ್ಕಕ್ಕೆ ನಿಲ್ಲಬೇಕು, ಸಾಧ್ಯವಾದರೆ ಟ್ರಂಕನ್ನೂ ಎತ್ತಿಕೊಡಬೇಕು.

ಬೇಡಿಕೆ ಎಂದೆನೆ? ತಪ್ಪಾಯಿತು, ಇದು ವರದಿ. ತಮ್ಮ ಉತ್ತರಕ್ಕೆ ಕಾಯುವಷ್ಟು ವ್ಯವಧಾನ ಬೀಗರಿಗೆ ಇರಲಿಲ್ಲವಾಗಿ, ಹೋದ ಸೋಮವಾರ ಸಂಜೆ ಹಳೆಯ ಸಂಚಿಕೆಯನ್ನು ಮುಖಕ್ಕೆ ಹಿಡಿದುಕೊಂಡು, ಅದರಲ್ಲಿ ಇಲ್ಲದ ಈ ಕಂತನ್ನು ನಾನೇ ಸಪಾಟಾಗಿ ಓದಿಬಿಟ್ಟೆ. ಬಾಗಿಲು ತೆರೆಯಿತು, ಜಗುಲಿಯವರು ಹಿಡಿದ ಉಸಿರು ಬಿಟ್ಟರು. ಆಗ ಒಳಗಿನಿಂದ ದನಿ ಬಂತು: “ಹೊತ್ತಲ್ಲದ ಹೊತ್ತಲ್ಲಿ ಬ್ಯಾನೆ ಬಂದ್ರೆ? ರಾತ್ರಿನೂ ತೆಗೀತಾರಾ?” ನಿಂತ ಕಾಲಿನಲ್ಲೇ, ತಮ್ಮ ಮಹಾನಗರದ ಕಾನೂನನ್ನು ತಿದ್ದಿ, ರಾತ್ರಿಯೂ ತೆರೆಯತಕ್ಕದ್ದೆಂದು ಓದಿದೆ. ಆಮೇಲೆ ತಾಯಿಯವರು ಹೊರಗೆ ಬಂದು ಲಗ್ನ ಕಟ್ಟಿಸು ಎಂದರು. ನನ್ನ ಕಣ್ಣಲ್ಲಿ ನೀರು ಬಂದದ್ದನ್ನು ಬುಡ್ಡಿಯ ಹೊಗೆಯ ಮೇಲೆ ಹಾಕಿದೆ.

ನನ್ನ ಬೆನ್ನ ಹಿಂದೆ ವೇದಾವತಿ ನಿಂತಿದ್ದಳು. ಅವಳು ಹೆಣ್ಣುಮಕ್ಕಳ ಶಾಲೆಯಲ್ಲಿ ಓದಿದವಳು. ನಾನು ಹಿಡಿದಿದ್ದ ಪುಟದಲ್ಲಿ ಇದ್ದದ್ದು ಜ್ವರದ ಗುಳಿಗೆಯ ಜಾಹೀರಾತು. ಅವಳು ಅದನ್ನು ನೋಡಿದಳು, ನನ್ನನ್ನು ನೋಡಿದಳು, ಒಳಗೆ ಹೋಗಿ ನನಗೆ ಒಂದು ಲೋಟ ಹಾಲು ತಂದು ಕೊಟ್ಟಳು.

ಈ ಪತ್ರ ಬಹಿರಂಗವಾಗಿ ಅಚ್ಚಾದರೂ ನನಗೆ ಅಂಜಿಕೆಯಿಲ್ಲ; ನಮ್ಮ ಮನೆಯಲ್ಲಿ ಗಟ್ಟಿಯಾಗಿ ಓದುವವನು ನಾನೊಬ್ಬನೇ. ತಾವು ಮಾತ್ರ ಇನ್ನು ಮುಂದೆ ನಾನು ಓದಿದ್ದಕ್ಕೆ ವಿರುದ್ಧವಾಗಿ ಬರೆಯದೆ ನಡೆದುಕೊಳ್ಳಬೇಕಾಗಿ ವಿನಂತಿ. ಇದೇ ತಮ್ಮ ಕಾದಂಬರಿಯ ಅತ್ಯುತ್ತಮ ಕಂತೆಂದು ರಂಗಪ್ಪನವರ ಅಭಿಪ್ರಾಯ. ತಮ್ಮ ಪರವಾಗಿ ನಾನೇ ಸಂಕೋಚಪಟ್ಟೆ.

ಇಂತು ತಮ್ಮ ವಿಶ್ವಾಸಿ, ಮತ್ತು ಒಂದು ಸಂಜೆಯ ಮಟ್ಟಿಗೆ ತಮ್ಮ ಸಹೋದ್ಯೋಗಿ,
ಏಕಾಂತಪ್ಪ

ಮರೆತ ಮಾತು: ಪತ್ರವನ್ನು ಮಡಿಸುವಾಗಲೇ ಅಂಚೆಯವನು ತಮ್ಮ ಹೊಸ ಸಂಚಿಕೆ ತಂದುಕೊಟ್ಟ. ಬಾಗಿಲಿಲ್ಲ. ನಾಯಕನನ್ನು ಹೊಳೆಗೆ ಎಸೆದಿದ್ದೀರಿ, ಗೋಡೆಯನ್ನು ಇನ್ನೂ ಹತ್ತು ಅಡಿ ಏರಿಸಿದ್ದೀರಿ, ಸಂತೋಷ. ನಾನು ಗಾಬರಿಯಿಂದ ಅದನ್ನು ಎಲ್ಲಿ ಅಡಗಿಸಲೆಂದು ಹುಡುಕುತ್ತಿದ್ದಾಗ ವೇದಾವತಿ ಕೈಯಿಂದ ತೆಗೆದುಕೊಂಡು, ಹಾಳೆ ಬಿಡಿಸಿ, ತನ್ನ ಟ್ರಂಕಿನ ತಳಕ್ಕೆ ಹಾಸಿ ಮೇಲೆ ಸೀರೆ ಜೋಡಿಸಿದಳು. ತಮ್ಮ ನಾಯಕ ಆರು ಕಂತುಗಳಲ್ಲಿ ದಾಟಲಾರದ ಗೋಡೆಯನ್ನು ತಾವು ಮದುವೆಯ ಮರುದಿನ ಬೆಳಗಿನ ರೈಲಿನಲ್ಲಿ, ನನ್ನ ಮಗಳ ಸೀರೆಗಳ ಅಡಿಯಲ್ಲಿ ಮಲಗಿ, ಪಾಸಿಲ್ಲದೆ ದಾಟಲಿದ್ದೀರಿ.