ಸುಪ್ರೀಂ ಕೋರ್ಟಿಗೆ ಮಾವ ಬರೆದ ಅರ್ಜಿ

ದಿಲ್ಲಿಯಲ್ಲಿ ಸುಪ್ರೀಂ ಕೋರ್ಟು ಕಟ್ಟಿದ್ದೇ ನಮ್ಮ ಸೋದರಮಾವನ ಅನುಕೂಲಕ್ಕೆ ಎಂದು ನಾನು ಕಾಲೇಜು ಸೇರುವವರೆಗೂ ನಂಬಿದ್ದೆ. ನಂಬದೆ ಏನು ಮಾಡಲಿ? ಅವರು ದಾವಣಗೆರೆ ಕೋರ್ಟಿನಲ್ಲಿ ತೀರ್ಪುಗಳ ನಕಲು ಬರೆಯುವ ಗುಮಾಸ್ತರು. ಮದುವೆಯಿಲ್ಲ, ಕೆ.ಬಿ. ಬಡಾವಣೆಯ ಒಂಟಿ ಕೋಣೆಯಲ್ಲಿ ವಾಸ. ಕೇಳುವವರಿಲ್ಲದೆ, ಪತ್ರಿಕೆಯಲ್ಲಿ ಬಂದ ಸುಪ್ರೀಂ ಕೋರ್ಟಿನ ತೀರ್ಪುಗಳನ್ನು ಗೋಡೆಗೆ ಓದಿ ಹೇಳುತ್ತಿದ್ದರು. ಗೋಡೆ ಒಮ್ಮೆಯೂ ತಕರಾರು ಎತ್ತಲಿಲ್ಲ.

ಊಟ ಖಾನಾವಳಿಯಲ್ಲಿ. ಒಂದು ದಿನ ರೊಟ್ಟಿ ತಣ್ಣಗಿದೆಯೆಂದು ಎರಡು ಪುಟದ ಅರ್ಜಿ ಬರೆದು ಕೊಟ್ಟರು.

"ಬಾಯಿಲೆ ಹೇಳಿದ್ರ ಬಿಸಿ ಮಾಡಿ ಕೊಡ್ತಿದ್ನಲ್ರಿ ಸಾಹೇಬ್ರ," ಎಂದಳು ಖಾನಾವಳಿಯ ಅಕ್ಕ.

"ಬಾಯಿ ಮಾತಿಗೆ ದಾಖಲೆ ಎಲ್ಲೈತೆ ತಂಗಿ?"

"ಇದನ್ನ ಓದೂದ್ರಾಗ ಸಾರೂ ತಣ್ಣಗಾತು ನೋಡ್ರಿ."

ಚೀನಾ ಯುದ್ಧದ ಕಾಲದ ತುರ್ತು ಪರಿಸ್ಥಿತಿ ಇನ್ನೂ ಮುಗಿದಿರಲಿಲ್ಲ. ಜೋಳದ ಬೆಲೆ ಏರಿತೆಂದು ಹರಿಹರದ ಪೇಟೆಯಲ್ಲಿ ಜನ ಸೇರಿದ್ದರು. ನಾನೂ ಮಾವನೂ ಹೊಳೆ ನೋಡಿಕೊಂಡು ಬಸ್ಸಿಗೆ ಬರುತ್ತಿದ್ದೆವು. ಗುಂಪು ಚದುರಬೇಕೆಂದು ಇನ್ಸ್‌ಪೆಕ್ಟರು ಕೂಗಿದರು. ಎಲ್ಲರೂ ಹಿಂದೆ ಸರಿದರೆ ಮಾವ ಮುಂದೆ ಹೋದರು.

"ಆದೇಶದ ನಕಲು ಕೊಡ್ರಿ. ಓದಿ ಹೋಗ್ತೀವಿ."

ಲಾಠಿ ಕನ್ನಡಕಕ್ಕೆ ಬಿದ್ದ ಸದ್ದು, ನಾನು ಪಾಠ ಹೇಳುವ ತರಗತಿಯಲ್ಲಿ ಸೀಮೆಸುಣ್ಣ ಮುರಿದಾಗ ಈಗಲೂ ಕೇಳುತ್ತದೆ. ಗುಂಪಿನಲ್ಲಿ ಕಾನೂನು ಮಾತಾಡಿದವರು ಅವರೊಬ್ಬರೇ. ಆದ್ದರಿಂದ ಪೊಲೀಸರ ಲೆಕ್ಕದಲ್ಲಿ ಅವರೇ ಮುಖಂಡರಾದರು.

"ಇವನ ಜೊತಿ ಯಾರು ಬಂದಾರ?" ಇನ್ಸ್‌ಪೆಕ್ಟರು ಕೇಳಿದರು.

ನಾನು ನಾಲ್ಕೇ ಹೆಜ್ಜೆ ದೂರದಲ್ಲಿ, ಬಟ್ಟೆ ಅಂಗಡಿಯ ಕಂಬಕ್ಕೆ ಅಂಟಿಕೊಂಡಿದ್ದೆ. ಮಾವ ನನ್ನ ಕಡೆ ನೋಡಲಿಲ್ಲ. ನಾನು ಬಾಯಿ ಬಿಡಲಿಲ್ಲ.

ವಿಚಾರಣೆಯಿಲ್ಲದೆ ಅವರು ಜೈಲು ಸೇರಿದರು. ಜೊತೆಯಲ್ಲಿದ್ದವನು ಯಾರೆಂದು ಪೊಲೀಸರು ಕೇಳುತ್ತಲೇ ಇದ್ದರು. ಮಾವ ಅಲ್ಲಿಂದಲೇ ಸುಪ್ರೀಂ ಕೋರ್ಟಿಗೆ ಬರೆದರು. ಅಂತೂ ಸ್ವಂತದ್ದೊಂದು ಮೊಕದ್ದಮೆ ಆಯಿತು. ತುರ್ತು ಪರಿಸ್ಥಿತಿ ಇರುವ ತನಕ ಬಿಡುಗಡೆಯ ಹಕ್ಕು ಕೇಳಿಕೊಂಡು ಕೋರ್ಟಿಗೆ ಬರುವಂತಿಲ್ಲವೆಂದು ಅರ್ಜಿ ವಜಾ ಆಯಿತು.

ಆ ಆದೇಶವೂ ಮಾವ ಕೈಯಾರೆ ಬರೆದ ಅರ್ಜಿಯ ಪ್ರತಿಯೂ ಅವರ ಕೋಣೆಯ ವಿಳಾಸಕ್ಕೇ ಬಂದವು. ಬೀಗದ ಕೈ ನನ್ನ ಹತ್ತಿರ ಇತ್ತು. ಚಾಪೆಯ ಮೇಲೆ ಒಬ್ಬನೇ ಕೂತು ಓದಿದೆ. ಇಂಗ್ಲಿಷಿನ ಆ ದುಂಡು ಅಕ್ಷರಗಳಲ್ಲಿ ಒಂದೂ ಚಿತ್ತಿಲ್ಲ. ಕೋರ್ಟಿನಲ್ಲಿ ಯಾರಾದರೂ ಸುಳ್ಳು ಸಾಕ್ಷಿ ಹೇಳಿದರೆ ಆ ದಿನ ಊಟ ಬಿಡುತ್ತಿದ್ದ ಮಾವ, ಸತ್ಯಪ್ರಮಾಣ ಮಾಡಿ ಕೊನೆಯಲ್ಲಿ ಬರೆದಿದ್ದರು:

"ಅರ್ಜಿದಾರನಿಗೆ ತನ್ನವನೆಂದು ಇರುವವನು ಒಬ್ಬ ಸೋದರಳಿಯ ಮಾತ್ರ. ಅವನು ಆ ದಿನ ಹರಿಹರಕ್ಕೆ ಬಂದಿರಲಿಲ್ಲ."